ಪೆಟ್ರೋಲ್ ಕದ್ದಿದ್ದು ಯಾರು?

"ನನ್ನ ಬೈಕಿಂದ ಯಾರೋ ಪೆಟ್ರೋಲ್ ಕದೀತಿದ್ದಾರೆ ಕಣ್ರೋ. ವಾರದಿಂದ ಗಾಡಿ ಎತ್ತಿಲ್ಲ, ಆದರೂ ಕಮ್ಮಿಯಾಗಿದೆ. ನಂಗೆ ಭಾವಮೈದುನನ ಮೇಲೇ ಡೌಟು" ಅಂದ ಸೀನ.

"ಎಲ್ಲಿ ನಿಲ್ಸಿದ್ದೆ?" ಅಂತ ಕೇಳಿದ್ದು ಮೆಕ್ಯಾನಿಕ್ ಬಾಬಣ್ಣ.

"ಕಾಂಪೌಂಡ್ ಹೊರಗೆ. ನೆರಳೇ ಇಲ್ಲ ಅಲ್ಲಿ."

"ಹಾಗಾದ್ರೆ ಸೂರ್ಯನ ಮೇಲೂ ಕಂಪ್ಲೇಂಟ್ ಕೊಡು."

ಬಾಬಣ್ಣ ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ತೆಗೆದ. ಒಳಗಿನ ರಬ್ಬರ್ ವಾಷರ್ ಚಕ್ಕುಲಿ ಥರ ಪಟ್ ಅಂತ ಮುರಿದು ಕೈಗೆ ಬಂತು. ಏಪ್ರಿಲ್ ಬಿಸಿಲಿಗೆ ಟ್ಯಾಂಕ್ ಕಾಯುತ್ತೆ, ಪೆಟ್ರೋಲ್ ಆವಿಯಾಗುತ್ತೆ, ಸಂದಿ ಸಿಕ್ಕಿದ ಕಡೆ ಹೊರಗೆ ಹೋಗುತ್ತೆ. ಓಡಿಸಿ ಬಂದು ಆಫ್ ಮಾಡಿದ ಮೇಲೂ ಎಂಜಿನ್ ಬಿಸಿಗೆ ಕಾರ್ಬುರೇಟರಿನಲ್ಲಿ ಉಳಿದಿದ್ದು ಆರುತ್ತಲೇ ಇರುತ್ತೆ.

"ಆದ್ರೂ ಸೂರ್ಯ ಅರ್ಧ ಟ್ಯಾಂಕ್ ಕುಡಿಯಲ್ಲ, ಭಾವಮೈದುನನ್ನ ಪೂರ್ತಿ ಬಿಡ್ಬೇಡ" ಅಂತಲೂ ಸೇರಿಸಿದ.

ಜೊತೆಗೆ ಕೂತು ಕಾಫಿ ಕುಡೀತಿದ್ದ ಮೇಷ್ಟ್ರಿಗೆ ಇಷ್ಟು ಸಾಕಾಯ್ತು. "ದುಡ್ಡು ಹೋದ್ರೆ ಹೋಗ್ಲಿ, ಆ ಆವಿಯಲ್ಲಿ ಬೆಂಜೀನ್ ಇದೆ, ಕ್ಯಾನ್ಸರ್ ತರೋ ವಸ್ತು. ಉಳಿದಿದ್ದು ಎಂಜಿನ್ ಹೊಗೆಯ ನೈಟ್ರೋಜನ್ ಆಕ್ಸೈಡ್ ಜೊತೆ ಬಿಸಿಲಲ್ಲಿ ಸೇರಿ ಓಝೋನ್ ಆಗುತ್ತೆ. ಮೇಲೆ ಇದ್ರೆ ನಮ್ಮನ್ನ ಕಾಯುತ್ತೆ, ಮೂಗಿನ ಹತ್ರ ಇದ್ರೆ ಎದೆ ಉರಿಸುತ್ತೆ. ಲಾಸ್ ಏಂಜಲೀಸಲ್ಲಿ ಇದನ್ನ ಕಂಡುಹಿಡಿದ ವಿಜ್ಞಾನಿ ಹಾಗೆನ್-ಸ್ಮಿಟ್ ಅದಕ್ಕೂ ಮುಂಚೆ ಅನಾನಸ್ ಹಣ್ಣಿನ ಘಮದ ಮೇಲೆ ಕೆಲಸ ಮಾಡ್ತಿದ್ದ, ಗೊತ್ತಾ?"

"ಅನಾನಸ್ ಬಿಟ್ಟು ಹೊಗೆ ಹಿಡ್ಕೊಂಡ್ನಾ, ಪಾಪ!" ಸೀನನಿಗೆ ನಿಜಕ್ಕೂ ಬೇಜಾರಾಯ್ತು. ತಕ್ಷಣ ಎಚ್ಚೆತ್ತು, "ಹಲೋ, ನನ್ನ ಹತ್ರ ಎಮಿಷನ್ ಸರ್ಟಿಫಿಕೇಟ್ ಇದೆ!" ಅಂದ.

"ಅವರು ಕಡ್ಡಿ ತೂರಿಸೋದು ಸೈಲೆನ್ಸರಿಗೆ. ಮುಚ್ಚಳ ಯಾರು ಮೂಸ್ತಾರೆ?"

ಬಾಬಣ್ಣ ಹೇಳಿದ್ದು ಸರಿ. ಗಾಡಿ ಸ್ಟಾರ್ಟ್ ಆಗಿರುವಾಗ ಏನು ಬಿಡುತ್ತೆ ಅಂತ ನೋಡಿ ಚೀಟಿ ಕೊಡ್ತಾರೆ, ಆದರೆ ನಮ್ಮ ಗಾಡಿಗಳು ಜಾಸ್ತಿ ಹೊತ್ತು ಕಳೆಯೋದು ರಸ್ತೆ ಬದಿ ಸುಮ್ನೆ ನಿಂತು, ಆ ಹೊತ್ತಿನ ಲೆಕ್ಕ ಈ ಚೀಟಿಯಲ್ಲಿಲ್ಲ.

"ಹೊಸ ಗಾಡಿಗೆ ಡಬ್ಬಿ ಇರುತ್ತೆ" ಅಂದ ಬಾಬಣ್ಣ. 2017ರಲ್ಲಿ ಬಿಎಸ್-4 ಅನ್ನೋ ಮಾಲಿನ್ಯ ನಿಯಮ ಬಂದ ಮೇಲೆ ಬೈಕಿಗೂ ಈ ಡಬ್ಬಿ, ಅಂದ್ರೆ ಕ್ಯಾನಿಸ್ಟರ್, ಬಂತು. ಒಳಗೆ ಇದ್ದಿಲು. ಆವಿಯನ್ನ ಹಿಡಿದಿಟ್ಟುಕೊಂಡು, ಗಾಡಿ ಓಡುವಾಗ ಎಂಜಿನ್ನಿಗೆ ವಾಪಸ್ ಕೊಡುತ್ತೆ.

"ಇದ್ದಿಲಾ? ನಮ್ಮಜ್ಜಿ ಹಲ್ಲುಜ್ಜುತ್ತಿದ್ದಿದ್ದು?"

"ಅದಲ್ಲಯ್ಯಾ! ಇದನ್ನ ಬೇರೆ ಥರ ಹದ ಮಾಡಿರ್ತಾರೆ. ನಿಮ್ಮಂಥೋರು ಬಂಕಲ್ಲಿ ನಾಝಲ್ ಟಕ್ ಅಂತ ನಿಂತ ಮೇಲೂ 'ರೌಂಡ್ ಫಿಗರ್ ಮಾಡಣ್ಣ' ಅಂತ ಕುತ್ತಿಗೆವರೆಗೂ ತುಂಬಿಸ್ತೀರಲ್ಲ, ಆಗ ಪೆಟ್ರೋಲೇ ಡಬ್ಬಿಗೆ ನುಗ್ಗಿ ಇದ್ದಿಲು ಕೆಡುತ್ತೆ."

"ತುಂಬಿಸುವಾಗಲೂ ಅಷ್ಟೇ" ಅಂದ್ರು ಮೇಷ್ಟ್ರು. "ಐದು ಲೀಟರ್ ಒಳಗೆ ಹೋದ್ರೆ ಹೆಚ್ಚುಕಮ್ಮಿ ಐದು ಲೀಟರ್ ಆವಿ ತುಂಬಿದ ಗಾಳಿ ಹೊರಗೆ ಬರಬೇಕು. ಕೆಲವು ಬಂಕಲ್ಲಿ ಅದನ್ನ ಎಳೆದು ನೆಲದ ಟ್ಯಾಂಕಿಗೆ ವಾಪಸ್ ಕಳಿಸೋ ವ್ಯವಸ್ಥೆ ಇದೆ."

ಸೀನ ನೆಟ್ಟಗೆ ಕೂತ. "ಅಂದ್ರೆ ನನ್ನ ಟ್ಯಾಂಕಿನ ಆವಿ ಅವರಿಗೆ ಫ್ರೀ! ಅದಕ್ಕೆ ಜಿಎಸ್‌ಟಿ ಕಟ್ತಾರಾ?"

"ಪೆಟ್ರೋಲಿಗೇ ಜಿಎಸ್‌ಟಿ ಇಲ್ವಲ್ಲೋ, ಅದಿನ್ನೂ ವ್ಯಾಟಲ್ಲೇ ಇದೆ" ಅಂದ್ರು ಮೇಷ್ಟ್ರು.

"ಮತ್ತೆ ಈ ಕಾಫಿಗೆ?"

"ಅದಕ್ಕಿದೆ. ಬಿಲ್ ನೀನೇ ಕೊಡು."