‘ಸಪೋರ್ಟ್’ಗೆ ಸರಿಯಾದ ಕನ್ನಡ ಪದ ಬೇಕು, ಸೋಮವಾರದೊಳಗೆ

ಎಲ್ಲರಿಗೂ ನಮಸ್ಕಾರ. ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬೌದ್ಧಿಕ ಅಂಗವೈಕಲ್ಯ (ಕಲಿಯಲು, ಅರ್ಥ ಮಾಡಿಕೊಳ್ಳಲು ಹೆಚ್ಚು ಸಮಯ ಬೇಕಾಗುವ ಸ್ಥಿತಿ) ಇರುವ ವಯಸ್ಕರ ಆರೋಗ್ಯ ಹೇಗಿದೆ, ದಿನನಿತ್ಯ ಅವರಿಗೆ ಎಂಥ ಸಪೋರ್ಟ್ ಸಿಗುತ್ತಿದೆ ಎಂದು ಕೇಳುವ ಅಧ್ಯಯನದ ಪ್ರಶ್ನಾವಳಿ ಇದು. ಜೊತೆಗೆ ಎರಡು ಪುಟದ ಮಾಹಿತಿ ಹಾಳೆ. ಅದನ್ನು ಓದುವವರು, ಇಲ್ಲವೇ ಓದಿಸಿಕೊಂಡು ಕೇಳುವವರು, ಆ ವಯಸ್ಕರೇ. ಒಂದು ವಾಕ್ಯಕ್ಕೆ ಒಂದೇ ವಿಚಾರ, ದಪ್ಪ ಅಕ್ಷರ, ಪಕ್ಕದಲ್ಲಿ ಚಿತ್ರ. ಕಷ್ಟದ ಪದಕ್ಕೆ ಜಾಗವೇ ಇಲ್ಲ.

‘ಸಪೋರ್ಟ್’ ಇದರಲ್ಲಿ ಪುಟಪುಟಕ್ಕೂ ಬರುತ್ತದೆ. ಹಿಂದಿನ ಕರಡಿನಲ್ಲಿ ‘ಬೆಂಬಲ’ ಎಂದಿದೆ. ‘ನಿಮಗೆ ಯಾರ ಬೆಂಬಲವಿದೆ?’ ಎಂದು ಜೋರಾಗಿ ಓದಿ ನೋಡಿ. ಚುನಾವಣೆಗೆ ನಿಂತವರನ್ನು ಕೇಳಿದ ಹಾಗಿದೆ. ‘ಆಸರೆ’ ಅಂದರೆ ದಿಕ್ಕಿಲ್ಲದವರು ಎಂಬ ನೆರಳು ಬೀಳುತ್ತದೆ. ‘ಆರೈಕೆ’ ಹಾಸಿಗೆ ಹಿಡಿದವರಿಗೆ, ಬಾಣಂತಿಗೆ. ‘ಸಹಾಯ’ ಎಲ್ಲರಿಗೂ ಗೊತ್ತು, ಆದರೆ ಅದು ಒಂದು ಸಲ ಮಾಡಿ ಮುಗಿಯುವಂಥದ್ದು ಅನ್ನಿಸುತ್ತದೆ.

ಇನ್ನೊಂದು, ಅಂಗವೈಕಲ್ಯದ ಹೆಸರು. ‘ಬೌದ್ಧಿಕ’ ಓದಿದರೆ ಕೆಲವರಿಗೆ ‘ಬೌದ್ಧ’ ಅಂತ ಕೇಳಿಸುತ್ತದೆ. ‘ಅಂಗ’ ಅಂದ ಕೂಡಲೇ ಕೈಕಾಲು ನೆನಪಾಗುತ್ತದೆ. ಬುದ್ಧಿ ಯಾವ ಅಂಗ? ಸರಳವಾದದ್ದು ಏನಾದರೂ ಹೊಳೆದರೆ ತಿಳಿಸಿ. ಸೋಮವಾರ ಮುದ್ರಣಕ್ಕೆ ಹೋಗಬೇಕು.

ಮರು: ‘ಬೆಂಬಲ’ ಬೇಡವೇ ಬೇಡ

ಬೆನ್ + ಬಲ. ತಲೆ ಕನ್ನಡ, ಬಾಲ ಸಂಸ್ಕೃತ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜ ಬೇಡ ಅಂದದ್ದು ಇಂಥ ಅರಿಸಮಾಸವನ್ನೇ. ನಮ್ಮಲ್ಲಿ ‘ಒತ್ತಾಸೆ’ ಇದೆ. ಒತ್ತಿಗೆ ನಿಲ್ಲುವುದು, ಬೀಳದ ಹಾಗೆ ನೋಡಿಕೊಳ್ಳುವುದು. ಅದಕ್ಕಿಂತ ಒಳ್ಳೆಯ ಪದ ಬೇಕೆ? ‘ಬೌದ್ಧಿಕ’ವನ್ನೂ ಬಿಡಿ. ಬುದ್ಧಿಯಿಂದ ಬೌದ್ಧಿಕ ಮಾಡುವ ಆದಿವೃದ್ಧಿ ಕನ್ನಡದ ಜಾಯಮಾನವಲ್ಲ. ‘ಅರಿಮೆಕೊರೆ’ ಅನ್ನಿ. ಬಳಸಿದರೆ ಬಳಕೆಗೆ ಬರುತ್ತದೆ. ಬಳಸದೆ ‘ಜನಕ್ಕೆ ತಿಳಿಯದು’ ಅನ್ನುವುದು ಸೋಮಾರಿತನ.

ಮರು: ಮರು: ‘ಬೆಂಬಲ’ ಬೇಡವೇ ಬೇಡ

ಕೇಶಿರಾಜನನ್ನು ಅರ್ಧ ಓದಿ ಹೆದರಿಸಬೇಡಿ. ಹಿಂದಿನವರು ಬಳಸಿದ್ದ ಸಮಾಸಗಳಿಗೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. ಇನ್ನು ‘ಅರಿಮೆ’. ಅಚ್ಚಗನ್ನಡವೇ ಬೇಕೆನ್ನುವ ನಿಮ್ಮ ಕಡೆಯವರೇ ಅದನ್ನು ವಿಜ್ಞಾನಕ್ಕೆ ಬಳಸುತ್ತಾರೆ. ಹಾಗಾದರೆ ಅರಿಮೆಕೊರೆ ಅಂದರೆ ವಿಜ್ಞಾನದ ಕೊರತೆಯೇ? ಒಬ್ಬ ಮನುಷ್ಯನ ಹೆಸರಿನ ಮುಂದೆ ‘ಕೊರೆ’ ಅಂಟಿಸುವುದು ಬೇರೆ. ಒಪ್ಪುವುದಿಲ್ಲ.

ಮರು: ಸಪೋರ್ಟ್ ಅಂದರೆ ಏನು ತಪ್ಪು?

‘ಸಪೋರ್ಟ್’ ಎಂದೇ ಬರೆಯಿರಿ. ಮನೆಮನೆಯಲ್ಲೂ ಆಡುವ ಮಾತು ಅದು. ಕುರ್ಚಿ ಅರಬ್ಬಿಯಿಂದ ಬಂತು, ಅದರ ಮೇಲೆ ಆರಾಮವಾಗಿ ಕೂತಿದ್ದೇವೆ. ಆಸ್ಪತ್ರೆಯೂ ಹೊರಗಿನಿಂದ ಬಂದದ್ದೇ. ಇದೊಂದು ಪದಕ್ಕೆ ಮಾತ್ರ ಬಾಗಿಲು ಹಾಕುವುದೇಕೆ?

ಮರು: ಬಾಗಿಲು

ಕುರ್ಚಿ ಬಂದಾಗ ನಮ್ಮಲ್ಲಿ ಆ ವಸ್ತು ಇರಲಿಲ್ಲ. ಪಕ್ಕದಲ್ಲಿ ನಿಲ್ಲುವವರು ನಮ್ಮಲ್ಲಿ ಇರಲಿಲ್ಲವೇ? ಇರುವ ಮಾತನ್ನು ಬಿಟ್ಟು ಸಾಲ ತರುವುದು ಬೇರೆ, ಇಲ್ಲದ್ದಕ್ಕೆ ತರುವುದು ಬೇರೆ. ಎಷ್ಟು ಸಲ ಹೇಳುವುದು.

ಮರು: ಹೆಸರು

ನನ್ನ ಪ್ರಶ್ನೆ ಬೇರೆ. ‘ಬುದ್ಧಿಮಾಂದ್ಯ’ ನಿಘಂಟಿನಲ್ಲಿದೆ, ವ್ಯಾಕರಣಕ್ಕೂ ಸರಿ. ಮಂದದಿಂದ ಮಾಂದ್ಯ. ಹತ್ತು ವರ್ಷಕ್ಕೊಮ್ಮೆ ಹೆಸರು ಬದಲಿಸಿದರೆ ಆ ಜನರ ಬದುಕು ಬದಲಾಗುತ್ತದೆಯೇ? ಪದಕ್ಕೆ ಸುಮ್ನೆ ಮಸಿ ಬಳಿಯುತ್ತಿದ್ದೇವೆ.

ಮರು: ಎಲ್ಲರಿಗೂ, ಮೂಲ ಪ್ರಶ್ನೆ ಕೇಳಿದವಳಿಂದ

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ನನಗೆ ತಾಗಿತು.

ನನ್ನ ಅಕ್ಕನಿಗೆ 43 ವರ್ಷ. ಒಮ್ಮೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳು ಕೆಲವು ದಿನಗಳಿಂದ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದಳು. ಡಾಕ್ಟರು ಅವಳ ಕಡೆ ನೋಡಲೇ ಇಲ್ಲ. ‘ಬುದ್ಧಿಮಾಂದ್ಯರು, ಇವರೆಲ್ಲ ಹೀಗೇ’ ಎಂದು ನನಗೆ ಹೇಳಿ, ನಿದ್ದೆ ಬರಿಸುವ ಮಾತ್ರೆ ಬರೆದರು. ಆಮೇಲೆ ಗೊತ್ತಾಯಿತು, ಅವಳ ದವಡೆ ಹಲ್ಲು ಕೊಳೆತಿತ್ತು. ಅಷ್ಟು ದಿನ ಆ ನೋವನ್ನು ಅನುಭವಿಸಿದ್ದಳು.

ಸಂಶೋಧಕರು ಇದಕ್ಕೊಂದು ಹೆಸರು ಕೊಟ್ಟಿದ್ದಾರೆ, ‘ಡಯಾಗ್ನೋಸ್ಟಿಕ್ ಓವರ್‌ಶ್ಯಾಡೋಯಿಂಗ್’ ಎಂದು. 1980ರ ದಶಕದಿಂದಲೇ ಅದರ ಬಗ್ಗೆ ಬರೆಯುತ್ತಿದ್ದಾರೆ. ಅಂಗವೈಕಲ್ಯದ ಹಿಂದೆ ಕಾಯಿಲೆ ಮರೆಯಾಗಿಬಿಡುವುದು. ನಾನು ಅದನ್ನು ‘ಕಾಯಿಲೆ ಮರೆಬೀಳುವುದು’ ಎಂದು ಬರೆದಿದ್ದೇನೆ. ಮಲಬದ್ಧತೆ, ಕಿವಿನೋವು, ಹಲ್ಲುನೋವು, ಥೈರಾಯ್ಡ್, ಎಲ್ಲವೂ ಹೀಗೆ ಮರೆಬೀಳುತ್ತವೆ. ಡೌನ್ ಸಿಂಡ್ರೋಮ್ ಇರುವವರಿಗೆ ಆಲ್ಝೈಮರ್ ಬೇಗ ಬರುವ ಸಂಭವ ಜಾಸ್ತಿ. ಅದರ ಮೊದಲ ಗುರುತುಗಳನ್ನೂ ‘ಅವರು ಇರುವುದೇ ಹಾಗೆ’ ಎಂದು ತಳ್ಳಿಹಾಕುವುದುಂಟು. ಇಂಗ್ಲೆಂಡಿನಲ್ಲಿ 2013ರಲ್ಲಿ ಬಂದ ಒಂದು ವಿಚಾರಣಾ ವರದಿ ಬೌದ್ಧಿಕ ಅಂಗವೈಕಲ್ಯ ಇದ್ದವರ ಸಾವುಗಳನ್ನು ಒಂದೊಂದಾಗಿ ನೋಡಿತು. ಇಂಥ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ, ಹೆಂಗಸರು 20 ವರ್ಷ ಬೇಗ ತೀರಿಕೊಳ್ಳುತ್ತಿದ್ದರು. ಹೊತ್ತಿಗೆ ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳು ಅವುಗಳಲ್ಲಿ ಬಹಳ. ಹಾಗಾಗಿ ಹೆಸರು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ‘ಮಾಂದ್ಯ’ ಎಂದ ಮೇಲೆ ಆ ಡಾಕ್ಟರಿಗೆ ಬೇರೇನೂ ಹುಡುಕಬೇಕು ಅನ್ನಿಸಲಿಲ್ಲ.

ಹೆಸರು ಬದಲಾಗುತ್ತಿರುವುದು ಬರೀ ನಮ್ಮಲ್ಲಲ್ಲ. ಈ ವಿಷಯದ ಅಮೆರಿಕದ ದೊಡ್ಡ ಸಂಘ 2007ರಲ್ಲಿ ತನ್ನ ಹೆಸರಿನಿಂದಲೇ ‘ರಿಟಾರ್ಡೇಶನ್’ ತೆಗೆದುಹಾಕಿತು. ಆ ಪದದ ಬೇರಿನ ಅರ್ಥವೂ ‘ನಿಧಾನ’ ಎಂದೇ. ನಮ್ಮ ಮಾಂದ್ಯ ಅದರ ಜೊತೆಗಾರ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಈ ಸ್ಥಿತಿಯ ಹೆಸರು ‘ಬುದ್ಧಿಯ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ’ ಎಂದಾಗಿದೆ.

ಆದರೆ ಕನ್ನಡದಲ್ಲಿ ‘ಬುದ್ಧಿ’ಗೂ ಒಂದು ತೊಡಕಿದೆ. ಬುದ್ಧಿ ಹೇಳುವುದು ಅಂದರೆ ತಿದ್ದುವುದು. ‘ಬುದ್ಧಿ ಇಲ್ವಾ’ ಅಂದರೆ ಬೈಗುಳ. ಬುದ್ಧಿಗೇಡಿ ಅಂದರೆ ವಿವೇಕ ತಪ್ಪಿ ನಡೆದವನು. ಬುದ್ಧಿಗೆ ನಡತೆ ಅಂಟಿಕೊಂಡೇ ಇದೆ. ಹಾಗಾಗಿ ಹೆಸರು ಎಲ್ಲಿ ಅನಿವಾರ್ಯವೋ, ಅಂದರೆ ಸಂಶೋಧಕರು ಓದುವ ಪುಟದಲ್ಲಿ, ‘ಬೌದ್ಧಿಕ ಅಂಗವೈಕಲ್ಯ’ವನ್ನೇ ಉಳಿಸುತ್ತೇನೆ. ಸುಲಭ ಓದಿನ ಹಾಳೆಯಲ್ಲಿ ಹೆಸರೇ ಇಲ್ಲ. ‘ಹೊಸದನ್ನು ಕಲಿಯಲು, ಅರ್ಥ ಮಾಡಿಕೊಳ್ಳಲು ನಿಮಗೆ ಹೆಚ್ಚು ಸಮಯ ಬೇಕಾಗಬಹುದು’ ಎಂದು ಬರೆದಿದ್ದೇನೆ. ‘ಕಲಿಕೆಯ ತೊಡಕು’ ಎಂದು ಒಬ್ಬರು ಖಾಸಗಿಯಾಗಿ ಸೂಚಿಸಿದರು. ಬ್ರಿಟನ್ನಿನಲ್ಲಿ ಅಂಥದ್ದೇ ಹೆಸರಿದೆ, ನಿಜ. ಆದರೆ ಬೇರೆ ಕಡೆ ಅದು ಓದು-ಬರಹ ಮಾತ್ರ ಕಷ್ಟವಾಗುವ ಡಿಸ್ಲೆಕ್ಸಿಯಾದಂಥದ್ದಕ್ಕೆ ಹೋಗಿಬಿಡುತ್ತದೆ.

ಈಗ ಸಪೋರ್ಟ್. ನೀವೆಲ್ಲ ನಾಮಪದವನ್ನೇ ಹಿಡಿದುಕೊಂಡಿರಿ, ನಾನೂ ಹಾಗೇ ಮಾಡಿದ್ದೆ. ನಿನ್ನೆ ರಾತ್ರಿ ಪ್ರಶ್ನೆಗಳನ್ನು ಅಕ್ಕನಿಗೆ ಓದಿ ಹೇಳುವಾಗ ಗೊತ್ತಾಯಿತು, ಸಮಸ್ಯೆ ಇರುವುದು ಕ್ರಿಯಾಪದದಲ್ಲಿ. ಕರಡಿನ ತುಂಬ ‘ಇಸು’ ಇದೆ. ‘ನಿಮಗೆ ಯಾರು ಸ್ನಾನ ಮಾಡಿಸುತ್ತಾರೆ? ಯಾರು ಬಟ್ಟೆ ಹಾಕಿಸುತ್ತಾರೆ? ಯಾರು ಮಾತ್ರೆ ನುಂಗಿಸುತ್ತಾರೆ?’ ಅಕ್ಕ ಮುಖ ತಿರುಗಿಸಿ ‘ನಾನೇ ಹಾಕ್ಕೋತೀನಿ’ ಅಂದಳು. ನಿಜ. ಅವಳೇ ಹಾಕಿಕೊಳ್ಳುತ್ತಾಳೆ. ನಾನು ಬಟ್ಟೆಗಳನ್ನು ವರಸೆಯಲ್ಲಿ ಇಟ್ಟಿರುತ್ತೇನೆ, ಅಷ್ಟೇ.

ಅವಳ ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ‘ಹಾಕಿಸು’ವಿನಲ್ಲಿ ಮಾಡುವವಳು ನಾನು, ಅವಳು ಮೈ ಒಡ್ಡಿ ನಿಂತಿದ್ದಾಳೆ. ‘ಹಾಕಿಕೊಳ್ಳು’ವಿನಲ್ಲಿ ಮಾಡುವವಳು ಅವಳು. ಈ ಕ್ಷೇತ್ರದಲ್ಲಿ ಸಪೋರ್ಟ್ ಅಂದರೆ ಇದೇ. ಕೆಲಸ ಅವರದ್ದು, ಆಯ್ಕೆ ಅವರದ್ದು. ಸಾಧ್ಯವಾಗಲು ಏನು ಬೇಕೋ ಅದನ್ನು ಪಕ್ಕದವರು ಒದಗಿಸುತ್ತಾರೆ. ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೇ ವಿಧಿಯೂ ತೀರ್ಮಾನ ಮಾಡುವ ವಿಷಯದಲ್ಲಿ ಇದನ್ನೇ ಕೇಳುತ್ತದೆ. ಅವರ ಪರವಾಗಿ ನೀವು ತೀರ್ಮಾನಿಸಬೇಡಿ, ಅವರು ತೀರ್ಮಾನಿಸಿಕೊಳ್ಳಲು ನೆರವಾಗಿ ಎಂದು.

ಹಾಗಾಗಿ ನನ್ನ ಆಯ್ಕೆ ‘ನೆರವು’. ಒತ್ತಾಸೆ ಚೆಂದದ ಪದ, ಆದರೆ ಅಕ್ಕನಿಗೆ ಓದಿದಾಗ ಅರ್ಥವಾಗಲಿಲ್ಲ. ಈ ಹಾಳೆಯ ಮಟ್ಟಿಗೆ ಅದೇ ಕೊನೆಯ ಮಾತು. ಅವಳಿಗೆ ‘ಸಪೋರ್ಟ್’ ಅರ್ಥವಾಗುತ್ತದೆ, ಆದರೆ ‘ಸಪೋರ್ಟ್ ಮಾಡು’ ಅಂದರೆ ಜಗಳದಲ್ಲಿ ಅವಳ ಪರ ಮಾತಾಡು ಎಂದರ್ಥ. ‘ನೆರವು’ ಹಣದ ನೆರವು ಎಂಬ ಕಡೆ ವಾಲುತ್ತದೆ ಎಂಬುದು ಗೊತ್ತು. ‘ನೆರವಾಗು’ ಎಂದು ಕ್ರಿಯಾಪದವಾಗಿ ಬಳಸಿದರೆ ಆ ವಾಲು ಹೋಗುತ್ತದೆ. ‘ನೀವು ಬಟ್ಟೆ ಹಾಕಿಕೊಳ್ಳುವಾಗ ಯಾರಾದರೂ ನೆರವಾಗುತ್ತಾರೆಯೇ?’ ಪ್ರಶ್ನಾವಳಿಯ ‘ಇಸು’ಗಳನ್ನೆಲ್ಲ ಹುಡುಕಿ ತೆಗೆಯುತ್ತಿದ್ದೇನೆ. ನಿಜವಾಗಿಯೂ ಬೇರೆಯವರೇ ಮಾಡಿಸಬೇಕಾದವರಿಗೆ ಮಾತ್ರ ಒಂದು ಪ್ರತ್ಯೇಕ ಪ್ರಶ್ನೆ ಇರುತ್ತದೆ. ಅದನ್ನು ಮುಚ್ಚಿಡುವುದೂ ಸರಿಯಲ್ಲ, ಅಲ್ವಾ.

ಇನ್ನೊಂದನ್ನೂ ಬದಲಿಸಿದೆ. ಕರಡಿನಲ್ಲಿ ಕೆಲವು ಕಡೆ ‘ನೀನು’ ಇತ್ತು. 43 ವರ್ಷದವರನ್ನು ಅಪರಿಚಿತ ಸಂಶೋಧಕ ‘ನೀನು’ ಅನ್ನುವುದಿಲ್ಲ. ಎಲ್ಲ ಕಡೆ ‘ನೀವು’.

ಈಗ ಎರಡು ಹೊಸ ಪ್ರಶ್ನೆ. ಏನು ಕೇಳಿದರೂ ಹೌದು ಅನ್ನುವ ರೂಢಿ ಇವರಲ್ಲಿ ಕೆಲವರಿಗೆ ಇರುತ್ತದೆ. ಎದುರಿನವರನ್ನು ನೋಯಿಸಬಾರದು, ಬೈಸಿಕೊಳ್ಳಬಾರದು ಎಂದು. ‘ನೀವು ಖುಷಿಯಾಗಿದ್ದೀರಾ?’ ಎಂದರೂ ಹೂಂ, ‘ಬೇಜಾರಾಗಿದ್ದೀರಾ?’ ಎಂದರೂ ಹೂಂ. ಸಂಶೋಧಕರ ಕೈಪಿಡಿಯಲ್ಲಿ ಇದಕ್ಕೆ ‘ಹೂಂಗುಟ್ಟುವಿಕೆ’ ಎಂದು ಹಾಕಿದ್ದೇನೆ. ಒಪ್ಪಿಗೆ ಬೇರೆ, ಹೂಂಗುಟ್ಟುವುದು ಬೇರೆ ಎಂದು ನಮ್ಮ ಭಾಷೆ ಆಗಲೇ ಬಿಡಿಸಿ ಇಟ್ಟಿದೆ. ಆದರೆ ಕಥೆ ಕೇಳುವಾಗ ಹೂಂಗುಟ್ಟುವ ಪ್ರೀತಿಯ ಅರ್ಥವೂ ಅದಕ್ಕಿದೆ. ಗೊಂದಲವಾಗುತ್ತದೆಯೇ?

ಎರಡನೆಯದು, ಮಾತು ಬಾರದವರ ಬದಲು ಮನೆಯವರು ಉತ್ತರ ಕೊಟ್ಟರೆ ಅವರನ್ನು ಏನೆನ್ನುವುದು? ‘ಪ್ರತಿನಿಧಿ’ ಅಂದರೆ ಅಧಿಕಾರ ಬಂದುಬಿಡುತ್ತದೆ. ‘ಪರವಾಗಿ ಹೇಳುವವರು’ ಎಂದು ಸದ್ಯಕ್ಕೆ ಬರೆದಿದ್ದೇನೆ. ನಾಳೆ ಸಂಜೆಯೊಳಗೆ ತಿಳಿಸಿದರೆ ಸಾಕು.