ಫುಲ್ಚಿಯ ‘ದಿ ಬಿಯಾಂಡ್’ (1981): ಜೇಡದ ದೃಶ್ಯ ಈಗ ನಿಲ್ಲುತ್ತಾ, ಬೀಳುತ್ತಾ?

ಸೀಪಿಯಾ
ಹೊಸ ಸ್ಕ್ಯಾನ್‌ನಲ್ಲಿ ಮತ್ತೆ ನೋಡೋರಿಗಾಗಿ ಈ ಚರ್ಚೆ. ಇಟಲಿಯಲ್ಲಿ ‘ಲಾಲ್ದಿಲಾ’ ಅಂತ ಬಂದ, ಲೂಚಿಯೊ ಫುಲ್ಚಿಯ ಚಿತ್ರ. ಕಥೆ ಎರಡೇ ಸಾಲು. 1927ರಲ್ಲಿ ಲೂಯಿಸಿಯಾನದ ಒಂದು ಹೋಟೆಲಿನ 36ನೇ ಕೋಣೆಯಲ್ಲಿದ್ದ ಷ್ವೈಕ್ ಅನ್ನೋ ಚಿತ್ರಕಾರನನ್ನ ಮಾಟಗಾರ ಅಂತ ಊರವರು ಸರಪಳಿಯಲ್ಲಿ ಬಡಿದು, ಗೋಡೆಗೆ ಮೊಳೆ ಹೊಡೆದು, ಮೈಮೇಲೆ ಸುಟ್ಟ ಸುಣ್ಣ ಸುರಿದು ಕೊಲ್ತಾರೆ. 1981ರಲ್ಲಿ ಲೈಝಾ (ಕ್ಯಾಟ್ರಿಯೋನಾ ಮ್ಯಾಕಾಲ್) ಗೆ ಆ ಹೋಟೆಲ್ ಆಸ್ತಿಯಾಗಿ ಬರುತ್ತೆ, ರಿಪೇರಿಗೆ ಕೈ ಹಾಕ್ತಾಳೆ, ನೆಲಮಾಳಿಗೆಯಲ್ಲಿ ನರಕದ ಏಳು ಬಾಗಿಲುಗಳಲ್ಲಿ ಒಂದು ತೆರೆಯುತ್ತೆ.

ನನ್ನ ತಕರಾರು ಇಷ್ಟೇ: ಇದರಲ್ಲಿ ಲಾಜಿಕ್ ಬೇಕಂತಲೇ ಬಿಟ್ಟ ಜಾಗಗಳಿವೆ, ಬರೀ ಉಡಾಫೆಯ ಜಾಗಗಳೂ ಇವೆ. ಅಭಿಮಾನಿಗಳು ಎರಡನ್ನೂ ‘ಕನಸಿನ ತರ್ಕ’ ಅಂತ ಒಂದೇ ಗೋಣಿಚೀಲಕ್ಕೆ ತುಂಬ್ತಾರೆ.

ಗಿರಣಿಚಾಳ
ಉಡಾಫೆ ಅಂದ್ರ ಯಾವುದ್ರೀ? ಹೆಸರು ಹೇಳ್ರಿ. ಸುಮ್ಮನ ‘ಕೆಲವು ಕಡೆ’ ಅಂದ್ರ ವಾದ ಆಗೂದಿಲ್ಲ.

ಸೀಪಿಯಾ
ಹೇಳ್ತೀನಿ ಸರ್. ಆಸ್ಪತ್ರೆ ಬಾಗಿಲ ಮೇಲೆ ‘ಡು ನಾಟ್ ಎಂಟ್ರಿ’ ಅಂತ ಬೋರ್ಡು. ಇಂಗ್ಲಿಷ್ ಮಾತೃಭಾಷೆಯ ಒಬ್ಬರೂ ಆ ಕಲಾವಿಭಾಗದಲ್ಲಿ ಇರಲಿಲ್ಲ ಅನ್ನೋಕೆ ಅದೊಂದೇ ಸಾಕು. ಎರಡನೇದು, ಕೊನೆಯಲ್ಲಿ ಡಾಕ್ಟರ್ ಮೆಕೇಬ್ (ಡೇವಿಡ್ ವಾರ್ಬೆಕ್) ಆಸ್ಪತ್ರೆಯಲ್ಲಿ ಎದ್ದು ಬರೋ ಹೆಣಗಳಿಗೆ ಗುಂಡು ಹೊಡೀತಾನೆ. ತಲೆಗೆ ಬಿದ್ದ ಗುಂಡಿಗೆ ಹೆಣ ಬೀಳುತ್ತೆ, ಎದೆಗೆ ಬಿದ್ದದ್ದಕ್ಕೆ ಬೀಳಲ್ಲ. ಕಣ್ಣಾರೆ ನೋಡಿಯೂ ಮುಂದಿನ ಹೆಣದ ಎದೆಗೇ ಹೊಡೀತಾನೆ. ವೈದ್ಯ ಬೇರೆ! ಮೂರನೇದು, ಲಿಫ್ಟಿನಲ್ಲಿ ಪಿಸ್ತೂಲಿನ ನಳಿಕೆಯ ಬಾಯಿಂದ ಗುಂಡು ತುರುಕೋ ಶಾಟ್. ಅದು ವಾರ್ಬೆಕ್ ತಮಾಷೆಗೆ ಮಾಡಿದ್ದು. ಪಕ್ಕದಲ್ಲಿ ಮ್ಯಾಕಾಲ್ ನಗು ತಡ್ಕೊಳ್ಳೋದು ಕಾಣುತ್ತೆ. ಹಂಗೇ ಉಳಿಸ್ಕೊಂಡಿದ್ದಾರೆ.

ಕುಡ್ಲದ ಕತ್ತಲೆ
ಹೆಣಗಳ ಆ ಭಾಗವೇ ಚಿತ್ರದ್ದಲ್ಲ ಮಾರಾಯ್ರೇ. ಆಗ ಜರ್ಮನಿಯ ವಿತರಕರಿಗೆ ಜೊಂಬಿ ಬೇಕಿತ್ತು, ಜೊಂಬಿ ಸೇರಿಸಿದ್ರು. ಅಲ್ಲಿ ಹೆಸರೇ ಜೊಂಬಿಗಳ ಭೂತನಗರ ಅಂತ ಇಟ್ಟು ಬಿಟ್ಟದ್ದು. ಆಸ್ಪತ್ರೆಯ ಗುಂಡಿನ ಗಲಾಟೆ ತೆಗೆದು ನೋಡಿ, ಉಳಿದದ್ದು ಬೇರೆಯೇ ಚಿತ್ರ. ಲೈಝಾಗೆ ಎಚ್ಚರಿಕೆ ಕೊಡೋ ಕುರುಡಿ ಎಮಿಲಿ ಓಡಿ ಹೋಗೋ ದೃಶ್ಯ ನೆನಪುಂಟಲ್ಲ? ಲೈಝಾ ಆಮೇಲೆ ಅದನ್ನೇ ಮತ್ತೆ ಮತ್ತೆ ನೆನಪು ಮಾಡ್ತಾಳೆ, ಆಗ ಹೊಳೆಯುತ್ತೆ: ಹೆಜ್ಜೆ ಸಪ್ಪಳ ಇರಲಿಲ್ಲ. ಸಂಭಾಷಣೆಯಿಂದ ಹಿಡಿದು ಹೆಜ್ಜೆವರೆಗೆ ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ಹಾಕೋದು ಆಗಿನ ಇಟಲಿಯ ಪದ್ಧತಿ. ಅಂಥಲ್ಲಿ ಒಂದು ಸಪ್ಪಳವನ್ನ ಬೇಕಂತಲೇ ಹಾಕದೆ ಬಿಡೋದು ಉಡಾಫೆಯಾ?

ಸೀಪಿಯಾ
ಅದು ಒಪ್ಪಿದೆ. ಆ ದೃಶ್ಯ ನನ್ನ ಮೊದಲ ಪಟ್ಟಿಯಲ್ಲೇ, ಅಂದ್ರೆ ಬೇಕಂತಲೇ ಬಿಟ್ಟ ಜಾಗಗಳ ಪಟ್ಟಿಯಲ್ಲೇ ಇದೆ. ಜೇಡದ ದೃಶ್ಯ ಎರಡನೇದ್ದರಲ್ಲಿ, ಉಡಾಫೆಯ ಪಟ್ಟಿಯಲ್ಲಿದೆ.

ಎರಡು ತೂತು
ಜೇಡದ ವಿಷಯಕ್ಕೆ ಬರೋಕೆ ಮುಂಚೆ ಫಿಲ್ಮಿನ ವಿಷಯ ಮುಗಿಸ್ಬೇಕು, ಯಾಕಂದ್ರೆ ಇವತ್ತಿನ ಅರ್ಧ ಬೈಗುಳ ಅಲ್ಲಿಂದ ಬಂದದ್ದು.

ಇದು ಟೆಕ್ನಿಸ್ಕೋಪ್. ಮಾಮೂಲಿ 35 ಎಂ.ಎಂ.ನಲ್ಲಿ ಒಂದು ಫ್ರೇಮಿಗೆ ಅಂಚಿನ ನಾಲ್ಕು ತೂತಿನಷ್ಟು ಫಿಲ್ಮ್ ಸರಿಯುತ್ತೆ, ಇದರಲ್ಲಿ ಎರಡೇ. 1000 ಅಡಿಯ ರೋಲು 11 ನಿಮಿಷಕ್ಕೆ ಮುಗಿಯೋ ಕಡೆ 22 ನಿಮಿಷ ಬರುತ್ತೆ. ನೆಗೆಟಿವ್ ಖರ್ಚು ಅರ್ಧ, ಅದಕ್ಕೇ ಇಟಲಿಯವರಿಗೆ ಪ್ರೀತಿ. ಬದಲಿಗೆ ತೆರುವ ಬೆಲೆ: ಫ್ರೇಮಿನ ಎತ್ತರ ಬರೀ 9.5 ಎಂ.ಎಂ. ಚೂರು. ಫಿಲ್ಮಿನ ಕಣ (ಗ್ರೇನ್) ದಪ್ಪಗೆ ಕಾಣುತ್ತೆ. ಕ್ಯಾಮರಾ ಗೇಟಿನಲ್ಲಿ ಒಂದು ಕೂದಲು ಸಿಕ್ಕಿಕೊಂಡ್ರೆ ಮುಚ್ಚಿಡೋಕೆ ಮೇಲೆ ಕೆಳಗೆ ಜಾಗವೇ ಇಲ್ಲ, ನೇರ ಚಿತ್ರದೊಳಗೇ ಬರುತ್ತೆ.

ಇನ್ನೊಂದು ಲಾಭ ಉಂಟು, ಅದು ಫುಲ್ಚಿಯ ಶೈಲಿಯನ್ನೇ ಮಾಡಿದ್ದು. ಅಗಲ ಪರದೆಗೆ ಅನಾಮಾರ್ಫಿಕ್ ಲೆನ್ಸ್ (ಅಗಲದ ಚಿತ್ರವನ್ನ ಅಡ್ಡಕ್ಕೆ ಹಿಂಡಿ ಹಿಡಿಯೋದು) ಬೇಕಿಲ್ಲ, ಸಾದಾ ಲೆನ್ಸ್ ಸಾಕು. ಸಾದಾ ಲೆನ್ಸ್ ತೀರಾ ಹತ್ತಿರಕ್ಕೂ ಫೋಕಸ್ ಆಗುತ್ತೆ, ಝೂಮ್ ಕೂಡ ಸಲೀಸು. ಕಣ್ಣುಗುಡ್ಡೆಯೊಂದೇ ಪರದೆ ತುಂಬೋ ಆ ಶಾಟ್‌ಗಳು, ಮುಖದಿಂದ ಕಣ್ಣಿಗೆ ನುಗ್ಗೋ ಝೂಮ್‌ಗಳು ಅದರ ಬಲದಿಂದ. ಛಾಯಾಗ್ರಾಹಕ ಸೆರ್ಜಿಯೊ ಸಲ್ವಾಟಿ ಇದನ್ನ ಚೆನ್ನಾಗಿ ದುಡಿಸ್ಕೊಂಡಿದ್ದಾನೆ.

ಈಗ ಮುಖ್ಯ ವಿಷಯ. ಥಿಯೇಟರಿಗೆ ಹೋಗ್ತಿದ್ದ ಪ್ರಿಂಟು ಈ ಪುಟ್ಟ ನೆಗೆಟಿವನ್ನ ಹಿಗ್ಗಿಸಿ ಮಾಡಿದ್ದು. ನಕಲು ಮಾಡೋ ಪ್ರತಿ ಹಂತದಲ್ಲೂ ಅಂಚು ಸ್ವಲ್ಪ ಮಸುಕಾಗುತ್ತೆ, ಕಪ್ಪು ಗಟ್ಟಿಯಾಗುತ್ತೆ. ಜೇಡವನ್ನ ಎಳೆಯೋ ದಾರ ಆ ಕಪ್ಪಲ್ಲಿ ಕರಗಿ ಹೋಗ್ತಿತ್ತು. ನಾವು ಈಗ ನೋಡೋದು ಮೂಲ ನೆಗೆಟಿವ್‌ನಿಂದ ನೇರ ಸ್ಕ್ಯಾನ್ ಆದದ್ದನ್ನ. ಯಾವ ಪ್ರೇಕ್ಷಕನಿಗೂ ತೋರಿಸೋಕೆ ಅಂತ ಇಟ್ಟದ್ದಲ್ಲ ಅದು.

ಲ್ಯಾಟೆಕ್ಸ್ ಲಿಂಗಪ್ಪ
ಎರಡು ತೂತು ಅಣ್ಣನ ಮಾತು ಮುಕ್ಕಾಲು ಸರಿ. ಆದ್ರೆ ಜೇಡದ ದೃಶ್ಯ ಪ್ರಿಂಟಿನಲ್ಲೂ ಸೋಲುತ್ತೆ, ಕಾರಣ ದಾರ ಅಲ್ಲ, ನಡಿಗೆ.

ದೃಶ್ಯ ನೆನಪಿಲ್ಲದವರಿಗೆ: ಹಳೇ ಕಟ್ಟಡದ ನಕ್ಷೆ ಹುಡುಕೋಕೆ ಲೈಬ್ರರಿಗೆ ಹೋದ ಮಾರ್ಟಿನ್ ಏಣಿಯಿಂದ ಬೀಳ್ತಾನೆ, ಅಲ್ಲಾಡೋಕಾಗಲ್ಲ, ಟರಾಂಟುಲಾ ಜೇಡಗಳು ಬಂದು ಮುಖ ತಿಂತಾವೆ. (ಆ ಪಾತ್ರದ ಮಿಕೆಲೆ ಮಿರಾಬೆಲ್ಲಾ ಮುಂದೆ ಇಟಲಿಯ ಟೀವಿಯಲ್ಲಿ ಆರೋಗ್ಯ ಕಾರ್ಯಕ್ರಮ ನಡೆಸ್ಕೊಡೋರಾದ್ರು!) ಅಲ್ಲಿ ನಿಜ ಜೇಡ, ನಕಲಿ ಜೇಡ ಎರಡನ್ನೂ ಬೆರೆಸಿದ್ದಾರೆ. ನಿಜದ್ದು ಒಂದೊಂದೇ ಕಾಲನ್ನ ಎತ್ತಿ, ತಡವಿ, ಇಡುತ್ತೆ. ನಕಲಿಯದ್ದು ಎಂಟು ಕಾಲೂ ಒಟ್ಟಿಗೆ ಅದುರುತ್ತೆ, ಮೈ ಮಾತ್ರ ಜಾರುತ್ತೆ. ಎರಡನ್ನೂ ಒಂದೇ ಫ್ರೇಮಿನಲ್ಲಿ ಇಟ್ಟದ್ದೇ ತಪ್ಪು. ಬೇರೆ ಬೇರೆ ಶಾಟಲ್ಲಿ ಇಟ್ಟಿದ್ರೆ ಕಣ್ಣಿಗೆ ಹೋಲಿಸೋಕೆ ಅವಕಾಶ ಇರ್ತಿರಲಿಲ್ಲ.

ಇನ್ನು ತುಟಿ ಕಿತ್ತು ಬರೋ ಶಾಟ್. ಚರ್ಮ ಹರಿಯೋದಕ್ಕೆ ಮುಂಚೆ ಹಿಗ್ಗುತ್ತೆ. ನಕಲಿ ಚರ್ಮಕ್ಕೆ ಬಳಸೋ ರಬ್ಬರು, ಲ್ಯಾಟೆಕ್ಸಿನ ಗುಣವೇ ಅದು. ಹರಿಬೇಕಾದ ಕಡೆ ಹಿಂಬದಿಯಿಂದ ಬ್ಲೇಡಲ್ಲಿ ಮುಕ್ಕಾಲು ದಪ್ಪ ಕೊಯ್ದು, ಮುಂದಿನ ಗೆರೆಯನ್ನ ಮೇಣದಲ್ಲಿ ಮುಚ್ಚಿದ್ರೆ ಎಳೆದ ತಕ್ಷಣ ಹರಿಯುತ್ತೆ. ಜೆಲಟಿನ್ ಆದ್ರೆ ಕೊಯ್ಯೋದೇ ಬೇಡ, ಮಾಂಸದ ಹಾಗೇ ಕಿತ್ತು ಬರುತ್ತೆ: ಜೆಲಟಿನ್ ಪುಡಿ 1 ಪಾಲು, ನೀರು 1, ಗ್ಲಿಸರಿನ್ 1ರಿಂದ ಒಂದೂವರೆ. ಹತ್ತು ನಿಮಿಷ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸ್ಬೇಕು. ಕುದಿಸಿದ್ರೆ ಬಲ ಹೋಯ್ತು, ಗುಳ್ಳೆಯೂ ಕೂರುತ್ತೆ. ತೊಂದರೆ ಏನಂದ್ರೆ ದೊಡ್ಡ ಲೈಟಿನ ಕೆಳಗೆ ಜೆಲಟಿನ್ ಬೆವರಿ ಜಾರತೊಡಗುತ್ತೆ. ಗಂಟೆಗಟ್ಟಲೆ ಜೇಡಗಳನ್ನ ಕಾಯ್ಕೊಂಡು ಶೂಟ್ ಮಾಡೋ ದೃಶ್ಯಕ್ಕೆ ಅದು ನಿಲ್ಲಲ್ಲ. ಈ ಚಿತ್ರದ ಮೇಕಪ್ ಎಫೆಕ್ಟ್ ಮಾಡಿದ ಜನ್ನೆಟ್ಟೊ ದೆ ರೊಸ್ಸಿ ಗೊತ್ತಿಲ್ಲದೆ ಮಾಡಿದವನಲ್ಲ. ಹೋಟೆಲಿನ ಕೆಲಸದವಳು ಮಾರ್ಥಾಳ ತಲೆಯನ್ನ ಮೊಳೆಗೆ ಒತ್ತಿದಾಗ ಕಣ್ಣು ಹೊರಗೆ ಬರೋ ಶಾಟ್ ಅವನದ್ದೇ, ಅದಕ್ಕೆ ಇವತ್ತೂ ತಪ್ಪು ಹೇಳೋಕಾಗಲ್ಲ. ಚಿಕ್ಕ ಶಾಟ್, ಒಂದೇ ಚಲನೆ, ತಕ್ಷಣ ಕಟ್.

ಗಿರಣಿಚಾಳ
ಲಿಂಗಪ್ಪನವರ, ರಕ್ತದ ಬಣ್ಣ? ಕೆಲವು ಕಡೆ ಪೇಂಟ್ ಡಬ್ಬಿ ಚೆಲ್ಲಿದಂಗ ಕಾಣ್ತದ.

ಲ್ಯಾಟೆಕ್ಸ್ ಲಿಂಗಪ್ಪ
ಅದು ಕಾಲದ ರುಚಿ, ಕೆಂಪು ಕೆಂಪಾಗೇ ಕಾಣ್ಬೇಕು ಅಂತ. ಮನೇಲಿ ಮಾಡಿ ನೋಡೋದಾದ್ರೆ: ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 500 ಗ್ರಾಂ, ನೀರು 100 ಎಂ.ಎಲ್., ಕೆಂಪು ಫುಡ್ ಕಲರ್ ಮೂರು ಚಮಚ, ಕೋಕೋ ಪುಡಿ ಒಂದು ಚಮಚ. ಕೋಕೋವನ್ನ ಮೊದಲು ಬಿಸಿನೀರಲ್ಲಿ ಕಲಸ್ಕೊಳ್ಳಿ, ಇಲ್ಲಾಂದ್ರೆ ಗಂಟು. ಕೋಕೋ ಬಿಟ್ರೆ ರಕ್ತ ಗಾಜಿನ ಹಾಗೆ ಪಾರದರ್ಶಕ ಆಗಿ, ತೆಳು ಹರಡಿದ ಕಡೆ ಗುಲಾಬಿ ಶರಬತ್ತು ಆಗುತ್ತೆ. ನಮ್ಮಲ್ಲಿ ಸಿಗೋ ಕೆಂಪು ಪುಡಿ ಮೊದಲೇ ಗುಲಾಬಿ ಕಡೆಗೆ ವಾಲಿರುತ್ತೆ, ಚಿಟಿಕೆ ಹಳದಿ ಬಣ್ಣ ಸೇರಿಸಿ. ಇರುವೆ ಬರುತ್ತೆ, ಬಟ್ಟೆ ಕಲೆ ಹೋಗಲ್ಲ, ಎರಡೂ ಖಾತ್ರಿ.

ಗಿರಣಿಚಾಳ
ಸುಣ್ಣದ ಸೀನ್ ಮಾತ್ರ ನನಗ ಭಾಳ ಖರೇ ಅನಿಸ್ತು. ಸುಣ್ಣ ಅರಳಿಸೂದು ನೋಡಿದವ್ರಿಗೆ ಗೊತ್ತು, ನೀರು ಬಿದ್ದ ಕೂಡ್ಲೇ ಹೆಂಗ ಕುದಿತದ ಅಂತ. ಹಸಿ ಮೈಮ್ಯಾಲ ಬಿದ್ರ ಹಂಗ. ಈ ಚಿತ್ರದಾಗ ಭೂತಕ್ಕಿಂತ ಆ ಊರ ಮಂದೀನ ಭಯಾನಕ.

ಕುಡ್ಲದ ಕತ್ತಲೆ
ಹೌದು. ಅದಕ್ಕೇ ಆ ಪೀಠಿಕೆ ಕಂದು ಬಣ್ಣದಲ್ಲೇ ನೋಡ್ಬೇಕು. ಜರ್ಮನ್ ಆವೃತ್ತಿಯಲ್ಲಿ ಅದು ಪೂರ್ತಿ ಬಣ್ಣದಲ್ಲುಂಟು. ಕುತೂಹಲಕ್ಕೆ ಸರಿ, ಮೊದಲ ಸಲಕ್ಕೆ ಬೇಡ. ಕಂದು ಬಣ್ಣದಲ್ಲಿ ರಕ್ತ ಕಪ್ಪಗೆ ಕಾಣುತ್ತೆ, ಹಳೇ ಫೋಟೊ ಚಲಿಸಿದ ಹಾಗೆ. 1983ರಲ್ಲಿ ಅಮೆರಿಕದಲ್ಲಿ ‘ಸೆವೆನ್ ಡೋರ್ಸ್ ಆಫ್ ಡೆತ್’ ಅಂತ ಬಂದದ್ದು ಬೇಡವೇ ಬೇಡ. ಕತ್ತರಿ ಹಾಕಿದ್ದಲ್ಲದೆ ಫಾಬಿಯೊ ಫ್ರಿಝ್ಝಿಯ ಸಂಗೀತವನ್ನೇ ಕಿತ್ತು ಬೇರೆ ಹಾಕಿದ್ರು, ನಿರ್ದೇಶಕನ ಹೆಸರನ್ನೂ ಲೂಯಿಸ್ ಫುಲ್ಲರ್ ಮಾಡಿದ್ರು. ಪೂರ್ತಿ ಚಿತ್ರ ಅಲ್ಲಿ ಥಿಯೇಟರಿಗೆ ಬಂದದ್ದು 1998ರಲ್ಲಿ. ಬ್ರಿಟನ್ನಿನಲ್ಲಿ ಕತ್ತರಿ ಇಲ್ಲದೆ ಬರೋಕೆ 2001 ಆಯ್ತು.

ಸೀಪಿಯಾ
1998ರಲ್ಲಿ ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಅರ್ಧ ಸ್ಟಾರ್ ಕೊಟ್ಟಿದ್ದು ಮರೀಬೇಡಿ. ಅವರ ತಕರಾರೂ ನನ್ನ ತಕರಾರಿನ ಹತ್ತಿರದ್ದೇ. ಇನ್ನೊಂದು ಕೇಳ್ತೀನಿ: ನ್ಯೂ ಆರ್ಲಿಯನ್ಸ್ ಕಡೆ ನೆಲ ಅಗೆದ್ರೆ ನೀರು, ಅಲ್ಲಿ ನೆಲಮಾಳಿಗೆ ಕಟ್ಟೋದೇ ಅಪರೂಪ. ಕಥೆಯ ಕೇಂದ್ರವೇ ನೆಲಮಾಳಿಗೆ. ಇದು ಉಡಾಫೆ ಅಲ್ವಾ?

ಎರಡು ತೂತು
ಹೊರಾಂಗಣ ಮ್ಯಾಡಿಸನ್‌ವಿಲ್‌ನ ಓಟಿಸ್ ಹೌಸ್, ನೆಲಮಾಳಿಗೆ ರೋಮಿನ ಸ್ಟುಡಿಯೋ ಸೆಟ್ಟು. ಭೂಗೋಳ ತಪ್ಪು, ಒಪ್ಪಿದೆ. ಆದ್ರೆ ಅದೇ ತಪ್ಪು ಚಿತ್ರಕ್ಕೆ ಅನುಕೂಲ ಮಾಡಿದೆ ನೋಡಿ. ನೆಲಮಾಳಿಗೆ ತುಂಬ ನೀರು, ಅದಕ್ಕೇ ಪ್ಲಂಬರ್ ಜೋ ಬರಬೇಕಾಯ್ತು, ಅದಕ್ಕೇ ಅವನು ಗೋಡೆ ಒಡೀಬೇಕಾಯ್ತು, ಅದಕ್ಕೇ ಕೈ ಹೊರಗೆ ಬಂದು ಅವನ ಕಣ್ಣು ಕಿತ್ತದ್ದು. ಈ ಚಿತ್ರದಲ್ಲಿ ಇಷ್ಟು ಗಟ್ಟಿಯಾದ ಕಾರ್ಯಕಾರಣ ಸರಪಳಿ ಇನ್ನೆಲ್ಲೂ ಇಲ್ಲ.

ಸೀಪಿಯಾ
ಹ್ಹ. ಆಯ್ತು, ನೆಲಮಾಳಿಗೆಯನ್ನ ನನ್ನ ಎರಡನೇ ಪಟ್ಟಿಯಿಂದ ತೆಗೀತೀನಿ. ಬೋರ್ಡು ಮತ್ತು ಗುಂಡು ಅಲ್ಲೇ ಇರಲಿ. ಜೇಡ?

ಲ್ಯಾಟೆಕ್ಸ್ ಲಿಂಗಪ್ಪ
ಜೇಡ ಎರಡನೇ ಪಟ್ಟಿಯಲ್ಲೇ ಇರಲಿ, ಆದ್ರೆ ಒಂದು ಸಲ ಸೌಂಡ್ ಪೂರ್ತಿ ಆಫ್ ಮಾಡಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಜೇಡ ಕೀರಲು ದನಿ ಮಾಡಲ್ಲ ಅಂತ ಎಲ್ಲರಿಗೂ ಗೊತ್ತು, ಆದ್ರೂ ಆ ಕಿರ್‌ಕಿರ್, ಅದರ ಕೆಳಗೆ ಮೆಲ್ಲಗೆ ಹರಿಯೋ ಸದ್ದು ಹಲ್ಲು ಕಚ್ಚಿಸುತ್ತೆ. ಕಣ್ಣು ನಂಬದ್ದನ್ನ ಕಿವಿ ನಂಬುತ್ತೆ.

ಎರಡು ತೂತು
ನೋಡೋ ಮುಂಚೆ ಟೀವಿಯ ಚಲನೆ ನಯ ಮಾಡೋ ಸೆಟ್ಟಿಂಗ್ ಆಫ್ ಮಾಡಿ, ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿ, ಕಣ ತೆಗೆಯೋ ಆಯ್ಕೆ ಮುಟ್ಟಬೇಡಿ. ಕಣ ಒರೆಸಿದ್ರೆ ಕೊನೇ ದೃಶ್ಯದ ಮಂಜು ಪ್ಲಾಸ್ಟಿಕ್ ಹಾಳೆ ಆಗುತ್ತೆ.

ಕುಡ್ಲದ ಕತ್ತಲೆ
ಕೊನೇ ದೃಶ್ಯಕ್ಕೆ ಒಂದು ಸೂಚನೆ. ಆಸ್ಪತ್ರೆಯ ಮೆಟ್ಟಿಲಿಳಿದು ಇಬ್ಬರೂ ಹೋಟೆಲಿನ ನೆಲಮಾಳಿಗೆಗೆ ಬರ್ತಾರೆ, ಅಲ್ಲಿಂದ ಬೂದು ಬಯಲು, ಮಲಗಿದ ಮೈಗಳು. ತಕ್ಷಣ ಚಿತ್ರ ನಿಲ್ಲಿಸಿ ಮೊದಲ ಐದು ನಿಮಿಷಕ್ಕೆ ಹೋಗಿ, ಷ್ವೈಕ್ ಬಿಡಿಸ್ತಾ ಇರೋ ಚಿತ್ರ ನೋಡಿ. ಅದೇ ಬಯಲು.

ಸೀಪಿಯಾ
ನೋಡಿ ಬಂದೆ. ಸರಿ ಮಾರಾಯ್ರೇ, ಅದು ಮೊದಲ ಪಟ್ಟಿಗೆ.