ಎಕ್ಕದ ಜೋಡಿ ಹಿಡಿದೂ ಸೋಲುವುದು ಯಾಕೆ?

ಕುಂಬಳೆಯಿಂದ: ಬಿಲ್ಲೆ ಇಟ್ಟು ಆಡುವ ಪೋಕರ್. ಬ್ಲೈಂಡ್ (ಎಲೆ ನೋಡುವ ಮೊದಲೇ ಕಟ್ಟುವ ಪಣ) 10. ಎಕ್ಕದ ಜೋಡಿಗೆ ಬರೀ ಕಾಲ್ ಮಾಡಿ (ಏರಿಸದೆ ಅಷ್ಟೇ ಕಟ್ಟಿ) ಐದು ಜನರನ್ನು ಒಳಗೆ ಬಿಟ್ಟರೆ ಕೊನೇ ಎಲೆಗೆ ಯಾರಿಗಾದರೂ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗಿಯೇ ಆಗುತ್ತದೆ. ಗ್ರಹಚಾರವಾ?

ಬದಿಯಡ್ಕದಿಂದ: ಗ್ರಹಚಾರ ಎಂತದ್ದು ಮಾರಾಯ್ರೆ, ಲೆಕ್ಕ! ಎದುರು ಒಬ್ಬನಿದ್ದರೆ ನೂರಕ್ಕೆ ಸುಮಾರು 85 ಸಲ ಎಕ್ಕದ್ದೇ ಗೆಲುವು; ಐದು ಜನ ಕೊನೆಯವರೆಗೆ ಉಳಿದರೆ ಹೆಚ್ಚುಕಡಿಮೆ ಅರ್ಧ. ಮೊದಲೇ 30–40ಕ್ಕೆ ಏರಿಸಿ.

ಮಂಜೇಶ್ವರದಿಂದ: ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆಯಲ್ಲಿ) ಎರಡು ಕಳಾವರ್ ಬಿದ್ದರೆ, ಕೈಯಲ್ಲಿ ಇನ್ನೆರಡು ಇದ್ದವನಿಗೆ ಫ್ಲಶ್ ಮಾಡಿಸುವ ಕಳಾವರ್ ಎಲೆ ಇನ್ನೂ ಒಂಬತ್ತು ಉಂಟು. ಮುಂದಿನ ಎಲೆಗೇ ಸಿಗುವುದು ನೂರಕ್ಕೆ 19. ಪಾಟ್ (ಮಧ್ಯೆ ಸೇರಿದ ಪಣ) 100 ಇರುವಾಗ ನೀವು 20 ಕಟ್ಟಿದರೆ ಅವನಿಗೆ ಲಾಭ, ನೂರಕ್ಕೆ 14 ಸಲ ಸಿಕ್ಕರೆ ಸಾಕು. 60 ಕಟ್ಟಿ, ಆಗ ಅವನಿಗೆ ನೂರಕ್ಕೆ 27 ಸಲ ಸಿಗಬೇಕಾಗುತ್ತದೆ. ರಾಜನ ಜೋಡಿ ಬಂದು ಎಕ್ಕವನ್ನು ಹೊಡೆದರೆ ಮಾತ್ರ ಅದೃಷ್ಟವನ್ನು ಬೈಯಿರಿ. ಅದೂ ನೂರಕ್ಕೆ 18 ಸಲ ಉಂಟು.